ಇಂಗ್ಲಿಷಿನ ಭೂತಕ್ರಿಯಾರೂಪಗಳೂ ಕನ್ನಡಿಗರ ವ್ಯಾಕರಣಬೋಧನೆಯೂ

ಮೈಸೂರು ನಗರದಲ್ಲಿ ಇಂಗ್ಲಿಷು ವಿದ್ಯೆಗೂ ಸಂಸ್ಕೃತ ವಿದ್ಯೆಗೂ ಬಹುಕಾಲದ ನೆರೆಹೊರೆಯುಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೩೩ರಲ್ಲಿ ಸ್ಥಾಪಿಸಿದ ಇಂಗ್ಲಿಷು ಪಾಠಶಾಲೆಯೇ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು. ೧೮೭೬ರಲ್ಲಿ ಮಹಾರಾಜ ಸಂಸ್ಕೃತ ಪಾಠಶಾಲೆಯು ಆರಂಭವಾಯಿತು. ಒಂದು ಕಡೆ ವಿದ್ಯಾರ್ಥಿಗಳು ಇಂಗ್ಲಿಷಿನ ಕ್ರಿಯಾಪದಗಳ ಮೂರು ಮೂರು ರೂಪಗಳನ್ನು ಬಾಯಿಪಾಠ ಮಾಡುತ್ತಿದ್ದರೆ, ಇನ್ನೊಂದು ಕಡೆ ಲಙ್, ಲುಙ್, ಲಿಟ್ ಎಂಬ ಲಕಾರಗಳ ರೂಪಗಳನ್ನು ಒಪ್ಪಿಸುತ್ತಿದ್ದರು. ಈ ಎರಡು ಕಂಠಪಾಠಗಳಿಗೂ ಪರಸ್ಪರ ಸಂಬಂಧವುಂಟೆಂಬ ವಿಚಾರವು ಮಾತ್ರ ಶಾಲೆಯ ವ್ಯಾಕರಣಗಳನ್ನು ಮುಟ್ಟಲೇ ಇಲ್ಲ. ಅದರ ಫಲವನ್ನು ಇಂಗ್ಲಿಷು ಕಲಿಯುವ ಕನ್ನಡದ ಮಕ್ಕಳು ಇಂದಿಗೂ ಅನುಭವಿಸುತ್ತಿದ್ದಾರೆ. ೨೦೦೭-೦೮ರಿಂದ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷು ಬೋಧನೆಯು ಬಂದಿರುವುದರಿಂದ, ಈ ವಿಚಾರವು ಕೇವಲ ಪಂಡಿತರ ಚರ್ಚೆಗೆ ಮೀಸಲಾದುದಲ್ಲ; ಹಳ್ಳಿಯ ಮಗುವಿನ ಧೈರ್ಯಕ್ಕೂ ಪರೀಕ್ಷೆಯ ಅಂಕಕ್ಕೂ ತಗುಲಿದುದು.

ಪ್ರಚಲಿತ ಬೋಧನಕ್ರಮದಲ್ಲಿ ಮೂರು ದೋಷಗಳು ಎದ್ದು ಕಾಣುತ್ತವೆ. ಕಾಲವು ಮೂರು, ಒಂದೊಂದಕ್ಕೂ ನಾಲ್ಕು ಭೇದ, ಒಟ್ಟು ಹನ್ನೆರಡು ಎಂಬ ಕೋಷ್ಟಕವನ್ನು ಮೊದಲೇ ಮಕ್ಕಳ ಮುಂದಿಡುವುದು ಮೊದಲನೆಯದು. ಕ್ರಮವಿಲ್ಲದ ಭೂತರೂಪಗಳೆಂದು ಹೆಸರಿಟ್ಟು, ಸುಮಾರು ಇನ್ನೂರು ಧಾತುಗಳನ್ನು ಅಕಾರಾದಿಯಾಗಿ ಪಟ್ಟಿಮಾಡಿ ಉರುಹೊಡೆಸುವುದು ಎರಡನೆಯದು. ಇಂಗ್ಲಿಷಿನ ಒಂದೊಂದು ರೂಪಕ್ಕೂ ಕನ್ನಡದಲ್ಲಿ ಒಂದೇ ಒಂದು ಪ್ರತಿರೂಪವುಂಟೆಂದು ಅರ್ಥ ಬರೆಯಿಸುವುದು ಮೂರನೆಯದು. ಇವನ್ನು ಕ್ರಮವಾಗಿ ಪರಿಶೀಲಿಸಬಹುದು.

ರೆನ್ ಮತ್ತು ಮಾರ್ಟಿನ್ ಎಂಬಿಬ್ಬರು ಭಾರತೀಯ ವಿದ್ಯಾರ್ಥಿಗಳಿಗಾಗಿ ೧೯೩೦ರ ದಶಕದಲ್ಲಿ ಹೊರಡಿಸಿದ ಪ್ರೌಢಶಾಲೆಯ ಇಂಗ್ಲಿಷು ವ್ಯಾಕರಣವು ಈ ಹನ್ನೆರಡರ ಕೋಷ್ಟಕವನ್ನು ನಾಡಿನಲ್ಲೆಲ್ಲ ಹರಡಿತು. ಆ ಗ್ರಂಥದಿಂದ ಉಪಕಾರವಾಗಲಿಲ್ಲವೆಂದು ಹೇಳುವವರು ಕೃತಘ್ನರೇ ಸರಿ. ಆದರೂ ಇಂಗ್ಲಿಷಿನ ಧಾತುವಿಗೆ ರೂಪದಿಂದ ಇರುವ ಕಾಲಭೇದಗಳು ಎರಡೇ: ಭೂತ ಮತ್ತು ಭೂತವಲ್ಲದ್ದು. ‘ಕಮ್’ ಎಂಬುದು ‘ಕೇಮ್’ ಆಗುವುದು ಧಾತುವಿನ ಒಳಗಿನ ವಿಕಾರ. ‘ವಿಲ್ ಕಮ್’ ಎಂಬಲ್ಲಿ ಧಾತುವು ಬದಲಾಗುವುದೇ ಇಲ್ಲ. ಸಹಾಯಕ ಪದವೊಂದು ಬಂದು ಕೂಡುತ್ತದೆ, ಅಷ್ಟೆ. ಇಂದಿನ ಕನ್ನಡದ ಸ್ಥಿತಿಯೂ ಇದಕ್ಕೆ ದೂರವಲ್ಲ. ‘ಅವನು ದಿನವೂ ಬರುತ್ತಾನೆ’, ‘ಅವನು ನಾಳೆ ಬರುತ್ತಾನೆ’ ಎಂಬ ಎರಡು ವಾಕ್ಯಗಳಲ್ಲಿ ರೂಪವು ಒಂದೇ. ‘ಬಂದನು’ ಎಂಬುದು ಮಾತ್ರ ಬೇರೆಯಾಗಿ ನಿಲ್ಲುತ್ತದೆ. ಕೇಶಿರಾಜನು ೧೩ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ರಚಿಸುವಾಗ ಭೂತಕ್ಕೆ ದಕಾರವನ್ನೂ ವರ್ತಮಾನಕ್ಕೆ ‘ದಪ’ ಎಂಬುದನ್ನೂ ಭವಿಷ್ಯತ್ತಿಗೆ ವಕಾರವನ್ನೂ ವಿಧಿಸಿದನು. ‘ನೋಡಿದಂ’, ‘ನೋಡಿದಪಂ’, ‘ನೋಡುವಂ’ ಎಂಬ ಆ ತ್ರಿಪುಟಿಯು ಹಳಗನ್ನಡಕ್ಕೆ ಸಲ್ಲುವುದಾದರೂ ಹೊಸಗನ್ನಡಕ್ಕೆ ಹಾಗೆಯೇ ಸಲ್ಲದು. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ತಮ್ಮ ೨೦೦೦ದ ಗ್ರಂಥದಲ್ಲಿ ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಎರೆಯುವ ವಾಡಿಕೆಯನ್ನು ಖಂಡಿಸಿದ್ದಾರೆ. ಕಾಲದ ವಿಷಯದಲ್ಲಿ ಅವರ ಆಕ್ಷೇಪವು ಗಟ್ಟಿಯಾದುದೆಂದು ಒಪ್ಪಬೇಕಾಗುತ್ತದೆ. ಹೀಗಿರಲು, ತನ್ನ ಮಾತಿನಲ್ಲಿಯೂ ಇಲ್ಲದ, ಕಲಿಯಬೇಕಾದ ಮಾತಿನಲ್ಲಿಯೂ ಇಲ್ಲದ ತ್ರಿಕಾಲಕೋಷ್ಟಕವೊಂದನ್ನು ಮಗುವು ಎರಡರ ನಡುವೆ ಸೇತುವೆಯೆಂದು ನಂಬಬೇಕಾಗಿ ಬಂದಿದೆ.

ಇನ್ನು ಕ್ರಮವಿಲ್ಲದವೆಂದು ಹೇಳುವ ರೂಪಗಳ ವಿಚಾರ. ‘ಸಿಟ್, ಸ್ಯಾಟ್’, ‘ಬೇರ್, ಬೋರ್’, ‘ಬೈಂಡ್, ಬೌಂಡ್’ ಎಂಬಲ್ಲಿ ಪ್ರತ್ಯಯವೇ ಕಾಣದೆ ಧಾತುವಿನ ಸ್ವರವು ಮಾರ್ಪಡುವುದನ್ನು ಕಂಡು ವಿದ್ಯಾರ್ಥಿಯು ಬೆದರುತ್ತಾನೆ. ಆದರೆ ಇವಕ್ಕೆ ಸೋದರರಾದ ಸಂಸ್ಕೃತ ಧಾತುಗಳು ಸದ್, ಭೃ, ಬಂಧ್. ಅವುಗಳ ಲಿಟ್ ರೂಪಗಳು ಸಸಾದ, ಬಭಾರ, ಬಬಂಧ. ೧೭೮೬ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಬಾಂಧವ್ಯವನ್ನು ಸಾರಿದ ಮೇಲೆ, ಜರ್ಮನಿಯ ಯಾಕೋಬ್ ಗ್ರಿಮ್ಮನು ಸ್ವರವಿಕಾರದಿಂದ ಭೂತವನ್ನು ಪಡೆಯುವ ಧಾತುಗಳನ್ನು ಬಲಿಷ್ಠಗಳೆಂದೂ ಪ್ರತ್ಯಯದಿಂದ ಪಡೆಯುವವನ್ನು ದುರ್ಬಲಗಳೆಂದೂ ವಿಂಗಡಿಸಿದನು. ಬಲಿಷ್ಠ ಧಾತುಗಳ ಭೂತರೂಪವು ಮೂಲ ಇಂಡೋ-ಯೂರೋಪಿಯನ್ ಭಾಷೆಯ ಯಾವ ರೂಪದಿಂದ ಬಂದಿತೋ, ಸಂಸ್ಕೃತದ ಲಿಟ್ಟೂ ಅದರಿಂದಲೇ ಬಂದಿತು. ಸಂಸ್ಕೃತವು ಧಾತುವಿನ ದ್ವಿತ್ವವನ್ನು ಉಳಿಸಿಕೊಂಡಿತು. ಇಂಗ್ಲಿಷು ಅದನ್ನು ಕಳೆದುಕೊಂಡು ಸ್ವರವಿಕಾರವೊಂದನ್ನೇ ಉಳಿಸಿಕೊಂಡಿತು. ‘ಡಿಡ್’ ಎಂಬಲ್ಲಿ ಮಾತ್ರ ಹಳೆಯ ದ್ವಿತ್ವದ ಅವಶೇಷವು ಉಳಿದಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಗುಣವೃದ್ಧಿಗಳನ್ನು ಬಲ್ಲ ಸಂಸ್ಕೃತ ವಿದ್ಯಾರ್ಥಿಗೆ ‘ಸಿಂಗ್, ಸ್ಯಾಂಗ್, ಸಂಗ್’ ಎಂಬುದು ಬೆರಗಿನ ಸಂಗತಿಯಾಗಬೇಕಾದುದಿಲ್ಲ.

‘ಗೋ’ ಎಂಬುದಕ್ಕೆ ‘ವೆಂಟ್’ ಹೇಗಾಯಿತೆಂಬ ಪ್ರಶ್ನೆಯೂ ಇದೇ ರೀತಿಯದು. ‘ವೆಂಡ್’ ಎಂಬ ಬೇರೊಂದು ಧಾತುವಿನ ಭೂತರೂಪವು ಬಂದು ಇಲ್ಲಿ ಆದೇಶವಾಗಿ ನಿಂತಿದೆ. ಬ್ರೂ ಧಾತುವಿಗೆ ವಚ್ ಆದೇಶವಾಗಿ ಉವಾಚ ಎಂದೂ, ಅಸ್ ಧಾತುವಿಗೆ ಭೂ ಆದೇಶವಾಗಿ ಬಭೂವ ಎಂದೂ ಆಗುವುದನ್ನು ಪಾಣಿನೀಯರು ಬಲ್ಲರು. ‘ಈಸ್’, ‘ವಾಸ್’, ‘ಬೀನ್’ ಎಂಬ ಮೂರು ರೂಪಗಳಲ್ಲಿ ಅಸ್, ವಸ್, ಭೂ ಎಂಬ ಮೂರು ಧಾತುಗಳ ಸೋದರರು ಒಂದೇ ಮನೆಯಲ್ಲಿ ವಾಸವಾಗಿದ್ದಾರೆ. ಇಷ್ಟನ್ನು ಉಪಾಧ್ಯಾಯನು ಒಮ್ಮೆ ಹೇಳಿದರೆ ಪಟ್ಟಿಯು ನೆನಪಿಗೆ ಹೊರೆಯಾಗುವುದು ತಪ್ಪುತ್ತದೆ.

ಕೃದಂತರೂಪಗಳಲ್ಲಿಯೂ ಈ ಸಾದೃಶ್ಯವು ಮುಂದುವರಿಯುತ್ತದೆ. ‘ಲವ್ಡ್’ ಎಂಬ ಕೃದಂತದ ಡಕಾರವು ಸಂಸ್ಕೃತದ ಕ್ತ ಪ್ರತ್ಯಯದ ತಕಾರಕ್ಕೆ ಸಂಬಂಧಿಯಾದುದು. ‘ಬ್ರೋಕನ್’, ‘ಗಿವನ್’ ಎಂಬವುಗಳ ನಕಾರವು ಭಿನ್ನ, ಛಿನ್ನ, ಪೂರ್ಣ ಎಂಬಲ್ಲಿಯ ನಕಾರವನ್ನು ಹೋಲುತ್ತದೆ. ಬರವಣಿಗೆಯಲ್ಲಿ ಒಂದೇ ಬಗೆಯಾಗಿ ಕಾಣುವ ಭೂತಪ್ರತ್ಯಯವು ಉಚ್ಚಾರಣೆಯಲ್ಲಿ ಮೂರು ಬಗೆಯಾಗುವುದನ್ನು ಶಾಲೆಗಳಲ್ಲಿ ಸರಿಯಾಗಿ ಹೇಳಿಕೊಡುವುದು ವಿರಳ. ಆದಕಾರಣವೇ ‘ಆಸ್ಕೆಡ್’, ‘ವಾಕೆಡ್’ ಎಂಬ ಓದು ನಮ್ಮ ಕಡೆ ಕೇಳಿಬರುತ್ತದೆ. ಧಾತುವಿನ ಕೊನೆಯಲ್ಲಿ ಕಕಾರ, ಪಕಾರ, ಸಕಾರಾದಿ ಅಘೋಷವಿದ್ದರೆ ಪ್ರತ್ಯಯವು ಟಕಾರವಾಗಿ ‘ವಾಕ್ಟ್’ ಎಂದೂ, ಘೋಷವಿದ್ದರೆ ಡಕಾರವಾಗಿ ‘ಲವ್ಡ್’ ಎಂದೂ, ಟಕಾರ ಡಕಾರಗಳೇ ಇದ್ದರೆ ನಡುವೆ ಇಕಾರವು ಬಂದು ‘ವಾಂಟಿಡ್’ ಎಂದೂ ಆಗುತ್ತದೆ. ಧಾತುವಿನ ಅಂತ್ಯವರ್ಣಕ್ಕೆ ಅಧೀನವಾಗಿ ಪ್ರತ್ಯಯವು ಬದಲಾಗುವ ಈ ನ್ಯಾಯವು ಲಭ್ ಧಾತುವಿಗೆ ಕ್ತ ಸೇರಿ ಲಬ್ಧವಾಗುವಲ್ಲಿ, ಬುಧ್ ಧಾತುವಿಗೆ ಸೇರಿ ಬುದ್ಧವಾಗುವಲ್ಲಿ ಪ್ರಸಿದ್ಧವಾಗಿದೆ. ಕನ್ನಡದ ‘ಒಲಿದ’, ‘ಕಲಿತ’ ಎಂಬಲ್ಲಿ ಧಾತುಗಳ ಅಂತ್ಯವು ಒಂದೇ ಆಗಿದ್ದರೂ ಪ್ರತ್ಯಯವು ಬೇರೆ. ಇಂಗ್ಲಿಷಿನ ಈ ಭಾಗವು ಕನ್ನಡಕ್ಕಿಂತಲೂ ಸುಲಭವಾದುದೆಂದು ಇದರಿಂದ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಇಂಗ್ಲಿಷಿನ ಭೂತಸೂಚಕ ಡಕಾರವನ್ನೂ ಕನ್ನಡದ ‘ಮಾಡಿದನು’ ಎಂಬಲ್ಲಿಯ ದಕಾರವನ್ನೂ ಕಂಡು, ಎರಡಕ್ಕೂ ಮೂಲವು ಒಂದೇ ಎಂದು ಉತ್ಸಾಹಿಗಳು ಹೇಳಿಬಿಡುವ ಸಂಭವವುಂಟು. ಕನ್ನಡದ ದಕಾರವು ತಮಿಳಿನ ‘ಸೆಯ್‌ದಾನ್’, ‘ವಂದಾನ್’ ಮೊದಲಾದುವುಗಳ ಕುಲದ್ದು. ೧೮೫೬ರಲ್ಲಿ ಕಾಲ್ಡ್‌ವೆಲ್ಲರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವು ಪ್ರಕಟವಾದಂದಿನಿಂದ ಈ ಭಾಷೆಗಳ ಪ್ರತ್ಯೇಕ ವಂಶವು ಸ್ಥಿರಪಟ್ಟಿದೆ. ಎರಡು ಭಾಷೆಗಳಲ್ಲಿ ಒಂದೇ ವರ್ಣವು ಒಂದೇ ಅರ್ಥದಲ್ಲಿ ಬಂದ ಮಾತ್ರಕ್ಕೆ ಬಾಂಧವ್ಯವು ಸಿದ್ಧಿಸದು. ನೆನಪಿಗೆ ಅದು ಸಹಾಯಕವಾಗಬಹುದು, ಪ್ರಮಾಣವಾಗಲಾರದು.

ಬಾಂಧವ್ಯವಿಲ್ಲದಿದ್ದರೂ ಕನ್ನಡದ ಧಾತುಗಳಿಂದ ಮಗುವಿಗೆ ದೊರೆಯುವ ನೆರವು ಅಲ್ಪವಲ್ಲ. ‘ಕೀಪ್, ಕೆಪ್ಟ್’, ‘ಸ್ಲೀಪ್, ಸ್ಲೆಪ್ಟ್’, ‘ವೀಪ್, ವೆಪ್ಟ್’ ಎಂಬ ವರ್ಗದಲ್ಲಿ ದೀರ್ಘಸ್ವರವು ಭೂತದಲ್ಲಿ ಹ್ರಸ್ವವಾಗುತ್ತದೆ. ಕನ್ನಡದಲ್ಲಿ ಬೀಳು ಬಿದ್ದ, ಏಳು ಎದ್ದ, ಕೀಳು ಕಿತ್ತ, ಸಾಯು ಸತ್ತ, ನೋಯು ನೊಂದ, ಮೀಯು ಮಿಂದ, ಕಾಣು ಕಂಡ ಎಂಬ ಒಂದು ದೊಡ್ಡ ವರ್ಗವೇ ಹೀಗೆ ನಡೆಯುತ್ತದೆ. ‘ಬೀಳಿದನು’ ಎಂದು ಎಂದೂ ಹೇಳದ ಮಗುವಿಗೆ ‘ಕೀಪ್ಡ್’ ಎನ್ನಬಾರದೆಂಬುದನ್ನು ತಿಳಿಸುವುದು ಕಷ್ಟವಲ್ಲ. ಅದರ ಮನಸ್ಸಿನಲ್ಲಿ ಆ ಅಚ್ಚು ಮೊದಲೇ ಇದೆ. ‘ಬ್ಲೋ, ಗ್ರೋ, ನೋ, ಥ್ರೋ’ ಎಂಬವುಗಳನ್ನು ಒಂದು ಗುಂಪಾಗಿಯೂ, ‘ರಿಂಗ್, ಡ್ರಿಂಕ್, ಸ್ವಿಮ್, ಬಿಗಿನ್’ ಎಂಬವುಗಳನ್ನು ಇನ್ನೊಂದಾಗಿಯೂ, ಟಕಾರಾಂತವಾಗಿ ವಿಕಾರವಿಲ್ಲದೆ ನಿಲ್ಲುವ ‘ಕಟ್, ಪುಟ್, ಹಿಟ್, ಶಟ್’ ಎಂಬವುಗಳನ್ನು ಮತ್ತೊಂದಾಗಿಯೂ ಕಲಿಸಿದರೆ, ಪಟ್ಟಿಯ ಬಹುಭಾಗವು ಕೆಲವೇ ವರ್ಗಗಳಲ್ಲಿ ಅಡಗುತ್ತದೆ. ಕನ್ನಡವನ್ನು ಕಲಿಯಬಂದ ಪಾಶ್ಚಾತ್ಯರಿಗೆ ಇಂತಹ ಸೌಕರ್ಯವು ದೊರೆತಿತ್ತು. ೧೯೦೩ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ಕನ್ನಡ ವ್ಯಾಕರಣವು ಕನ್ನಡದ ಭೂತರೂಪಗಳನ್ನು ವರ್ಗವರ್ಗವಾಗಿ ವಿವರಿಸುತ್ತದೆ. ೧೯೧೪ರಲ್ಲಿ ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಹೊರಟ ಸ್ಪೆನ್ಸರರ ವ್ಯಾಕರಣವು ಅಭ್ಯಾಸಪಾಠಗಳ ಮೂಲಕ ಹಂತಹಂತವಾಗಿ ಕನ್ನಡವನ್ನು ಕಲಿಸುತ್ತದೆ. ಪರದೇಶದ ಪ್ರೌಢನಿಗೆ ಸಲ್ಲಿಸಿದ ಈ ಮರ್ಯಾದೆಯು ನಮ್ಮ ಊರಿನ ಮಗುವಿಗೂ ಸಲ್ಲಬೇಕಾದುದು ನ್ಯಾಯ.

ಮೂರನೆಯ ದೋಷವು ಮೊದಲೆರಡಕ್ಕಿಂತಲೂ ಸೂಕ್ಷ್ಮವಾದುದು. ರೂಪಗಳನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಬಲ್ಲವನೂ ಪ್ರಯೋಗದಲ್ಲಿ ಎಡವುವುದು ಇದರಿಂದಲೇ. ‘ನಿನ್ನೆಯೇ ಅವನನ್ನು ನೋಡಿದ್ದೇನೆ’ ಎಂಬುದು ಶುದ್ಧವಾದ ಕನ್ನಡ. ‘ನೋಡಿದ್ದೇನೆ’ ಎಂಬುದಕ್ಕೆ ‘ಹ್ಯಾವ್ ಸೀನ್’ ಎಂದು ಅರ್ಥ ಬರೆದುಕೊಂಡ ವಿದ್ಯಾರ್ಥಿಯು ‘ಐ ಹ್ಯಾವ್ ಸೀನ್ ಹಿಮ್ ಎಸ್ಟರ್‌ಡೇ’ ಎಂದು ಬರೆದರೆ, ಅವನ ತರ್ಕದಲ್ಲಿ ತಪ್ಪಿಲ್ಲ. ಅವನಿಗೆ ಕೊಟ್ಟ ಸಮೀಕರಣದಲ್ಲಿ ತಪ್ಪಿದೆ. ನಿನ್ನೆ, ಹೋದ ವರ್ಷ ಎಂದು ಕಳೆದುಹೋದ ಕಾಲವನ್ನು ನಿರ್ದೇಶಿಸಿದ ಮೇಲೆ ಇಂಗ್ಲಿಷು ಆ ಕ್ರಿಯೆಯನ್ನು ವರ್ತಮಾನಕ್ಕೆ ತಂದು ಕಟ್ಟಲು ಒಪ್ಪುವುದಿಲ್ಲ. ಈ ನಿಯಮವನ್ನು ಗ್ರಹಿಸಲು ಪಾಣಿನಿಯ ವಿವೇಕವು ಒಳ್ಳೆಯ ದಾರಿದೀಪವಾಗುತ್ತದೆ. ಇಂದಿನ ದಿನಕ್ಕೆ ಸೇರದ ಭೂತಕ್ಕೆ ಲಙ್, ಹೇಳುವವನ ಕಣ್ಣಿಗೆ ಮರೆಯಾದ ಅಂತಹ ಭೂತಕ್ಕೆ ಲಿಟ್, ಭೂತಸಾಮಾನ್ಯಕ್ಕೆ ಲುಙ್ ಎಂದು ಆತನು ವ್ಯವಸ್ಥೆ ಮಾಡಿದನು. ಇಂಗ್ಲಿಷಿನ ಭೇದವು ಇದೇ ಅಲ್ಲ. ಅಲ್ಲಿ ಪರೋಕ್ಷಕ್ಕೆ ಪ್ರತ್ಯೇಕ ರೂಪವಿಲ್ಲ. ಆದರೂ ಭೂತಕಾಲವೆಂಬುದು ಒಂದೇ ಮುದ್ದೆಯಲ್ಲ, ಹೇಳುವವನು ನಿಂತ ದಿನದಿಂದ ಅದನ್ನು ಅಳೆಯಬೇಕು ಎಂಬ ಬುದ್ಧಿಯು ಇದರಿಂದ ಹುಟ್ಟುತ್ತದೆ.

‘ಕಳೆದ ದಸರೆಗೆ ಮೈಸೂರಿಗೆ ಹೋಗಿದ್ದೆ’ ಎಂಬ ವಾಕ್ಯವನ್ನು ‘ಐ ಹ್ಯಾಡ್ ಗಾನ್’ ಎಂದು ತಿರುಗಿಸುವುದೂ ಸರ್ವತ್ರ ಕಾಣುವ ಪ್ರಮಾದ. ಕನ್ನಡದ ‘ಹೋಗಿದ್ದೆ’ ಎಂಬುದು ಹೋಗಿ ಬಂದುದನ್ನೂ, ಆ ಕೆಲಸವು ಮುಗಿದುಹೋದುದನ್ನೂ ಸೂಚಿಸುತ್ತದೆ. ಇಂಗ್ಲಿಷಿನ ‘ಹ್ಯಾಡ್ ಗಾನ್’ ಎಂಬುದಕ್ಕೆ ಎದುರಿನಲ್ಲಿ ಇನ್ನೊಂದು ಭೂತಘಟನೆಯು ಇರಬೇಕು. ಅದಕ್ಕಿಂತ ಮೊದಲೇ ಹೋಗಿದ್ದನೆಂಬುದು ಅಲ್ಲಿಯ ತಾತ್ಪರ್ಯ. ಎದುರು ಘಟನೆಯಿಲ್ಲದಾಗ ‘ವೆಂಟ್’ ಎಂಬುದೇ ಸಾಧು. ಹಾಗೆಯೇ ‘ತಾತನವರು ದಿನವೂ ದೇವಸ್ಥಾನಕ್ಕೆ ಹೋಗುತ್ತಿದ್ದರು’ ಎಂಬಲ್ಲಿ ಕನ್ನಡದ ರೂಪವು ವಾಡಿಕೆಯನ್ನು ಹೇಳುತ್ತದೆ. ಅದನ್ನು ‘ವಾಸ್ ಗೋಯಿಂಗ್’ ಎಂದರೆ ಆ ಹೊತ್ತಿನಲ್ಲಿ ದಾರಿಯಲ್ಲಿದ್ದರೆಂದು ಅರ್ಥವಾಗಿಬಿಡುತ್ತದೆ. ‘ಯೂಸ್ಡ್ ಟು ಗೋ’ ಎಂಬುದು ಇಲ್ಲಿಯ ಸರಿಯಾದ ಪ್ರಯೋಗ.

ಈ ಪ್ರಮಾದವು ಇಂಗ್ಲಿಷಿನಿಂದ ಕನ್ನಡಕ್ಕೂ ಹಿಂದಿರುಗಿ ಬಂದಿದೆ. ಅನುವಾದಗಳಲ್ಲಿ ‘ವಾಸ್ ಸಿಟಿಂಗ್’ ಎಂಬುದನ್ನು ‘ಕುಳಿತುಕೊಳ್ಳುತ್ತಿದ್ದನು’ ಎಂದು ಬರೆದರೆ, ಕುರ್ಚಿಯ ಮೇಲೆ ಸುಖವಾಗಿದ್ದ ಮನುಷ್ಯನು ಏಳುತ್ತ ಕೂರುತ್ತ ಇದ್ದಂತಾಗುತ್ತದೆ. ಕುಳಿತ ಸ್ಥಿತಿಯನ್ನು ಹೇಳುವಾಗ ಕನ್ನಡಕ್ಕೆ ‘ಕುಳಿತಿದ್ದನು’ ಎಂಬುದೇ ಸಹಜ. ನಿಂತಿದ್ದನು, ಮಲಗಿದ್ದನು, ಪಂಚೆಯನ್ನುಟ್ಟಿದ್ದನು ಎಂಬವೂ ಹಾಗೆಯೇ. ‘ಬಿಳಿಯ ಸೀರೆಯನ್ನು ಧರಿಸುತ್ತಿದ್ದಳು’ ಎಂದು ಅಚ್ಚಾದುದನ್ನು ಓದಿದ ಕನ್ನಡಿಗನು, ಆಕೆ ಆಗ ಉಡುತ್ತಿದ್ದಳೋ ನಿತ್ಯವೂ ಉಡುತ್ತಿದ್ದಳೋ ಎಂದು ತಡವರಿಸಬೇಕಾಗುತ್ತದೆ. ಮೂಲದ ಉದ್ದೇಶವು ಎರಡೂ ಅಲ್ಲ.

ನಿಷೇಧವಾಕ್ಯಗಳಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಇರುವ ಹೊಂದಿಕೆಯು ಆಶ್ಚರ್ಯಕರವಾದುದು. ‘ಡಿಡ್ ನಾಟ್ ಕೇಮ್’ ಎಂಬ ತಪ್ಪು ಎಲ್ಲ ಶಾಲೆಗಳಲ್ಲಿಯೂ ಪರಿಚಿತ. ‘ಡಿಡ್’ ಎಂಬಲ್ಲಿಯೇ ಭೂತವು ತೀರಿದುದರಿಂದ ಧಾತುವು ತನ್ನ ಮೂಲರೂಪಕ್ಕೆ ಹಿಂದಿರುಗುತ್ತದೆಂದು ಉಪಾಧ್ಯಾಯರು ಹೇಳುವರು. ಮಗುವಿಗೆ ಅದು ಹಿಡಿಯದು. ಕನ್ನಡದ ಎರಡು ರೂಪಗಳನ್ನು ಅದರ ಮುಂದಿಟ್ಟರೆ ಸಾಕು. ‘ಬರಲಿಲ್ಲ’ ಎಂಬಲ್ಲಿ ಬಂದು ಎಂಬುದು ಕಾಣುವುದಿಲ್ಲ. ಬರಲ್ ಎಂಬ ರೂಪವೇ ನಿಲ್ಲುತ್ತದೆ: ಇದು ‘ಡಿಡ್ ನಾಟ್ ಕಮ್’. ‘ಬಂದಿಲ್ಲ’ ಎಂಬಲ್ಲಿ ಬಂದು ಎಂಬ ಕೃದಂತವು ನಿಲ್ಲುತ್ತದೆ: ಇದು ‘ಹ್ಯಾಸ್ ನಾಟ್ ಕಮ್’. ‘ಹೋಗಲಿಲ್ಲ’ ಎಂಬುದು ‘ಡಿಡ್ ನಾಟ್ ಗೋ’, ‘ಹೋಗಿಲ್ಲ’ ಎಂಬುದು ‘ಹ್ಯಾಸ್ ನಾಟ್ ಗಾನ್’. ‘ಬಂದಲಿಲ್ಲ’ ಎಂದು ಹೇಳುವ ಕನ್ನಡದ ಮಗುವಿಲ್ಲ. ತಾನು ದಿನವೂ ಪಾಲಿಸುತ್ತಿರುವ ನಿಯಮವೇ ಇಂಗ್ಲಿಷಿನಲ್ಲಿಯೂ ಇದೆಯೆಂದು ತಿಳಿದರೆ ಅದು ಬೆತ್ತಕ್ಕೆ ಹೆದರಿ ಕಲಿಯಬೇಕಾಗುವುದಿಲ್ಲ.

ಭೂತರೂಪವು ಭೂತವಲ್ಲದ ಅರ್ಥದಲ್ಲಿ ಬರುವುದನ್ನೂ ಹೀಗೆಯೇ ತಿಳಿಯಪಡಿಸಬಹುದು. ‘ಇಫ್ ಇಟ್ ರೇನ್ಡ್ ಟುಮಾರೋ’ ಎಂಬಲ್ಲಿ ನಾಳೆಯ ಮಾತಿಗೆ ಭೂತರೂಪವೇಕೆಂದು ಕೇಳುವವನು ‘ನಾಳೆ ಮಳೆ ಬಂದರೆ’ ಎಂಬ ತನ್ನ ಮಾತನ್ನು ಗಮನಿಸಲಿ. ಅಲ್ಲಿಯೂ ‘ಬಂದ’ ಎಂಬುದೇ ಇದೆ. ಕರೆದವರಿಗೆ ‘ಇಗೋ, ಬಂದೆ’ ಎಂದು ಉತ್ತರಕೊಡುವವನು ಇನ್ನೂ ಹೊರಟಿರುವುದಿಲ್ಲ. ಆಶಂಸೆಯು ತೋರುವಾಗ ಭವಿಷ್ಯದರ್ಥದಲ್ಲಿ ಭೂತದ ಪ್ರತ್ಯಯಗಳೂ ಬರಬಹುದೆಂದು ಪಾಣಿನಿಯೂ ಅನುಮತಿಸಿದ್ದಾನೆ. ಇಂಗ್ಲಿಷಿನ ಸಾಪೇಕ್ಷವಾಕ್ಯದಲ್ಲಿ ಸಂಭವವು ದೂರವಾದುದೆಂಬ ಧ್ವನಿಯುಂಟು, ಕನ್ನಡದಲ್ಲಿ ಅದು ಇರಬೇಕಾದುದಿಲ್ಲ ಎಂಬ ವ್ಯತ್ಯಾಸವನ್ನು ಕೂಡಲೇ ಸೇರಿಸಿ ಹೇಳತಕ್ಕದ್ದು.

ಇಂಗ್ಲಿಷಿನಿಂದ ಎರವಲಾಗಿ ಬಂದ ಕ್ರಿಯಾಶಬ್ದಗಳನ್ನು ಜನಸಾಮಾನ್ಯರು ಬಳಸುವ ಕ್ರಮವು ವ್ಯಾಕರಣಕಾರರಿಗೆ ಪಾಠದಂತಿದೆ. ಹಿಂದೆ ಸಂಸ್ಕೃತ ಧಾತುಗಳು ಬಂದಾಗ ಕನ್ನಡವು ‘ಇಸು’ ಎಂಬುದನ್ನು ಹಚ್ಚಿ ರಕ್ಷಿಸು, ಭಾವಿಸು ಎಂದು ತನ್ನವನ್ನಾಗಿ ಮಾಡಿಕೊಂಡಿತು. ಇಂಗ್ಲಿಷಿನ ಧಾತುಗಳಿಗೆ ಮಾಡು, ಆಗು ಎಂಬ ಸಹಾಯಧಾತುಗಳನ್ನು ಕೂಡಿಸುತ್ತದೆ: ಪಾಸು ಮಾಡಿದನು, ಫೇಲಾದನು, ಬಸ್ಸು ಮಿಸ್ಸಾಯಿತು. ಎರವಲು ಶಬ್ದವು ವಿಕಾರವಿಲ್ಲದೆ ನಿಲ್ಲುತ್ತದೆ; ಕಾಲವನ್ನು ಹೊರುವ ಭಾರವು ಕನ್ನಡದ ಧಾತುವಿನದು. ಇಂಗ್ಲಿಷಿನ ದುರ್ಬಲ ಧಾತುಗಳ ಡಕಾರವು ‘ಡೂ’ ಎಂಬ ಧಾತುವಿನ ಭೂತರೂಪವೇ ಸವೆದು ಪ್ರತ್ಯಯವಾದುದೆಂಬ ಮತವೊಂದುಂಟು. ಅದು ನಿಜವಾದರೆ ಪೂರ್ವದ ಜರ್ಮಾನಿಕ್ ಜನರು ಹಿಡಿದ ಹಾದಿಯನ್ನೇ ಮೈಸೂರಿನ ಬೀದಿಯ ಕನ್ನಡವು ತನ್ನಷ್ಟಕ್ಕೆ ತಾನು ಹಿಡಿದಂತಾಯಿತು. ‘ರಿಟೈರ್ಡ್ ಆದರು’ ಎಂಬಲ್ಲಿ ಮಾತ್ರ ಕೃದಂತವೇ ಬಂದು ಸೇರಿದೆ. ‘ನಿವೃತ್ತರಾದರು’ ಎಂಬುದರ ಅಚ್ಚಿನಲ್ಲಿ ಅದು ಎರಕವಾಗಿರುವುದರಿಂದ ಅದನ್ನು ಅಪಭ್ರಂಶವೆಂದು ಹಳಿಯಬೇಕಾದುದಿಲ್ಲ.

ಇಷ್ಟಕ್ಕೆ ಎರಡು ಆಕ್ಷೇಪಗಳು ಬರಬಹುದು. ಎಳೆಯ ಮಕ್ಕಳಿಗೆ ಲಿಟ್ಟು, ಗ್ರಿಮ್ಮು ಎಂದು ಹೇಳಿ ಫಲವೇನೆಂಬುದು ಒಂದು. ಇವು ಉಪಾಧ್ಯಾಯನು ತಿಳಿದಿರಬೇಕಾದ ವಿಷಯಗಳು. ಮಕ್ಕಳಿಗೆ ಬೇಕಾದುದು ಅವುಗಳಿಂದ ಬರುವ ವರ್ಗೀಕರಣ ಮಾತ್ರ. ಸಂಸ್ಕೃತದ ಅಚ್ಚನ್ನು ಕನ್ನಡಕ್ಕೆ ಬೇಡವೆಂದು ಒಪ್ಪಿ, ಅದನ್ನೇ ಇಂಗ್ಲಿಷಿಗೆ ತರುವುದು ವಿರೋಧವಲ್ಲವೇ ಎಂಬುದು ಇನ್ನೊಂದು. ಕನ್ನಡವು ಸಂಸ್ಕೃತದ ವಂಶಕ್ಕೆ ಸೇರಿದುದಲ್ಲ, ಇಂಗ್ಲಿಷು ಸೇರಿದುದು. ಆದಕಾರಣ ಇಂಗ್ಲಿಷಿನ ರೂಪಸಿದ್ಧಿಗೆ ಸಂಸ್ಕೃತವು ಪ್ರಮಾಣವಾಗಬಲ್ಲುದು. ಪ್ರಯೋಗವನ್ನು ತಿಳಿಸುವಾಗ ಕನ್ನಡದ ವಾಕ್ಯಗಳನ್ನು ಮುಂದಿಡುವುದು ವಂಶಬಾಂಧವ್ಯದಿಂದಲ್ಲ, ಕಲಿಯುವವನ ಬಾಯಲ್ಲಿ ಅವು ಮೊದಲೇ ಇರುವುದರಿಂದ. ಎರಡು ಆಧಾರಗಳ ಕ್ಷೇತ್ರವೂ ಬೇರೆಯಾದುದರಿಂದ ವಿರೋಧವು ಸಂಭವಿಸುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯವು ತನ್ನ ಇಂಗ್ಲಿಷ್-ಕನ್ನಡ ನಿಘಂಟನ್ನು ೧೯೪೬ರಲ್ಲಿ ಹೊರತಂದು ಶಬ್ದಾರ್ಥದ ಕೊರತೆಯನ್ನು ತುಂಬಿತು. ತೀ. ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ವು ಕನ್ನಡದ ಮಕ್ಕಳಿಗೆ ತಮ್ಮ ಭಾಷೆಯ ವ್ಯಾಕರಣವನ್ನು ತಿಳಿಯಾಗಿ ಹೇಳಿತು. ಇವೆರಡರ ನಡುವೆ ಉಳಿದಿರುವ ಕೆಲಸವೆಂದರೆ, ಕನ್ನಡಿಗರಿಗಾಗಿ ಕನ್ನಡದಲ್ಲಿಯೇ ಬರೆದ ಇಂಗ್ಲಿಷು ಕ್ರಿಯಾಪ್ರಕರಣ: ಧಾತುಗಳನ್ನು ವರ್ಗಮಾಡಿ, ಉಚ್ಚಾರಣೆಯನ್ನು ಕನ್ನಡ ಅಕ್ಷರಗಳಲ್ಲಿ ಕೊಟ್ಟು, ‘ಬರಲಿಲ್ಲ’, ‘ಬಂದಿಲ್ಲ’, ‘ಬಂದರೆ’, ‘ಹೋಗಿದ್ದೆ’ ಎಂಬ ರೂಪಗಳನ್ನು ಒಂದೊಂದಾಗಿ ಇಂಗ್ಲಿಷಿನೊಡನೆ ಒರೆಹಚ್ಚಿ, ಎಲ್ಲಿ ಹೊಂದುವುದು ಎಲ್ಲಿ ಹೊಂದದು ಎಂದು ತೋರಿಸುವ ಒಂದು ಚಿಕ್ಕ ಪುಸ್ತಕ. ನೂರು ಪುಟಗಳಲ್ಲಿ ಅದು ಮುಗಿದೀತು. ಅದನ್ನು ಬರೆಯಲು ಸಂಸ್ಕೃತ, ಕನ್ನಡ, ಇಂಗ್ಲಿಷು ಮೂರನ್ನೂ ಬಲ್ಲವರು ಒಟ್ಟಿಗೆ ಕುಳಿತುಕೊಳ್ಳಬೇಕು. ಅಂತಹವರ ಕೂಟಕ್ಕೆ ಮೈಸೂರಿಗಿಂತ ಅನುಕೂಲವಾದ ಊರು ದೊರೆಯುವುದು ಕಷ್ಟ.